ದಂಡದ ರಶೀದಿಯಿಂದ ಬಲ್ಬ್ ಉರಿಯದು

ದಾವಣಗೆರೆಯ ಮಂಡಿಪೇಟೆಯಲ್ಲಿ ರಾತ್ರಿ ಅಂಗಡಿ ಬಾಗಿಲು ಎಳೆದು, ಬೀಗ ಜಗ್ಗಿ ನೋಡಿ, ಸ್ಕೂಟರ್ ಏರಿ ಹರಿಹರದ ದಾರಿ ಹಿಡಿಯುವ ವ್ಯಾಪಾರಿಗಳಿದ್ದಾರೆ. ಹದಡಿ, ಆನಗೋಡು, ಮಾಯಕೊಂಡದ ಕಡೆಗೆ ಹೋಗುವವರೂ ಇದ್ದಾರೆ. ಇವರಲ್ಲಿ ಒಂದಲ್ಲ ಒಂದು ದಿನ ಪೋಲೀಸರ ಕೈಗೆ ಸಿಕ್ಕವರ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: "ಹೆಡ್‌ಲೈಟ್ ಹತ್ತಿಲ್ಲ ಅಂತ ಐನೂರು ಕಟ್ಟಿ ಬಂದೆ ಸ್ವಾಮಿ." ಆಮೇಲೇನು ಮಾಡಿದಿರಿ ಎಂದರೆ ಉತ್ತರ ಇನ್ನೂ ಚಿಕ್ಕದು: "ಮನೆಗೆ ಹೋದೆ." ಹೇಗೆ ಹೋದಿರಿ? ಅದೇ ಗಾಡಿಯಲ್ಲಿ, ಅದೇ ಕತ್ತಲಲ್ಲಿ!

ಇಡೀ ವ್ಯವಸ್ಥೆಯ ಹುಳುಕು ಇಲ್ಲೇ ಇದೆ. ದಂಡ ಸರ್ಕಾರದ ಖಜಾನೆಗೆ ಹೋಯಿತು. ರಶೀದಿ ಜೇಬಿಗೆ ಬಂತು. ಸುಟ್ಟ ಬಲ್ಬ್ ಮಾತ್ರ ಸುಟ್ಟಂತೆಯೇ ಉಳಿಯಿತು. ಹಾಗಾದರೆ ಕಾನೂನು ಕೇಳಿದ್ದು ದುಡ್ಡನ್ನೋ, ಬೆಳಕನ್ನೋ? ಈ ಪ್ರಶ್ನೆ ಕೇಳದೆ ದಂಡ ಕಟ್ಟುವವರು ಕಟ್ಟುತ್ತಲೇ ಇದ್ದಾರೆ, ಬರೆಯುವವರು ಬರೆಯುತ್ತಲೇ ಇದ್ದಾರೆ.

ದೀಪ ಬೇಕೇ ಬೇಕು

ಮೊದಲೇ ಒಂದು ಮಾತು ಸ್ಪಷ್ಟ ಮಾಡಿಬಿಡೋಣ. ಲೈಟಿಲ್ಲದ ಗಾಡಿಯವರ ಪರ ವಕಾಲತ್ತು ಹಾಕಲು ಈ ಅಂಕಣ ಹೊರಟಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 105ನೆಯದು ಏನು ಹೇಳುತ್ತದೆ ನೋಡಿ. ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲಿಂದ ಸೂರ್ಯ ಹುಟ್ಟಲು ಅರ್ಧ ಗಂಟೆ ಇರುವವರೆಗೆ, ಮತ್ತು ಬೆಳಕು ಸಾಲದ ಬೇರೆ ಯಾವುದೇ ಹೊತ್ತಿನಲ್ಲಿ, ಓಡುವ ಗಾಡಿಯ ದೀಪ ಉರಿಯಬೇಕು. ಮುಂದಿನ ದೀಪ 155 ಮೀಟರ್ ದೂರದಲ್ಲಿರುವ ಮನುಷ್ಯನನ್ನೂ ಗಾಡಿಯನ್ನೂ ಕಾಣಿಸಬೇಕು. ಹಿಂದಿನ ಕೆಂಪು ದೀಪ ಅಷ್ಟೇ ದೂರಕ್ಕೆ ಕಾಣಬೇಕು. ನಂಬರ್ ಪ್ಲೇಟನ್ನು 15 ಮೀಟರ್ ಹಿಂದಿನಿಂದ ಓದುವಷ್ಟು ಬೆಳಕು ಅದರ ಮೇಲೆ ಬೀಳಬೇಕು.

ಈ 155 ಮೀಟರ್ ಲೆಕ್ಕವನ್ನು ಯಾರೋ ಕುರ್ಚಿಯಲ್ಲಿ ಕೂತು ಗೀಚಿದ್ದು ಎನ್ನಬೇಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಬಸ್ಸು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. 155 ಮೀಟರ್ ಎಂದರೆ ಅದಕ್ಕೆ ಒಂಬತ್ತು ಸೆಕೆಂಡಿನ ದಾರಿ. ಮುಂದೆ ಗಾಡಿ ನಿಂತಿದೆ ಎಂದು ಅರಿತು, ಬ್ರೇಕ್ ಒತ್ತಿ, ಬಸ್ಸನ್ನು ಹಿಡಿತಕ್ಕೆ ತರಲು ಡ್ರೈವರನಿಗೆ ಸಿಗುವ ಸಮಯ ಅಷ್ಟೇ. ಹಿಂದಿನ ದೀಪ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಎದುರಾದರೆ ಆ ಒಂಬತ್ತು ಸೆಕೆಂಡು ಒಂದೋ ಎರಡೋ ಆಗುತ್ತದೆ. ಮೆಕ್ಕೆಜೋಳದ ಚೀಲ ಹೇರಿದ, ಕಬ್ಬು ತುಂಬಿದ ಟ್ರೇಲರುಗಳ ಹಿಂದೆ ರಾತ್ರಿ ಬಸ್ಸಿನಲ್ಲಿ ಪ್ರಯಾಣ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೀಪ ಇದ್ದರೂ ಎಷ್ಟೋ ಸಲ ಕಬ್ಬಿನ ಸೋಗೆಯ ಮರೆಯಲ್ಲಿ ಅದು ಮುಚ್ಚಿಹೋಗಿರುತ್ತದೆ.

ಆದ್ದರಿಂದ ದೀಪದ ಕಾನೂನು ಸರಿ. ಅದನ್ನು ಜಾರಿ ಮಾಡುವ ಪೋಲೀಸರ ಕೆಲಸವೂ ಸರಿ. ಪ್ರಶ್ನೆ ಇರುವುದು ಆ ಚೀಟಿಯ ಬಗ್ಗೆ. ಯಾರಿಗೆ ಬರೆಯುತ್ತಾರೆ, ಏನೆಂದು ಬರೆಯುತ್ತಾರೆ, ತಪ್ಪಾಗಿ ಬರೆದಿದ್ದರೆ ಬಡಪಾಯಿ ಎಲ್ಲಿ ಹೋಗಬೇಕು?

ಕಟ್ಟಿದರೆ ಮುಗಿಯಿತು

ರಸ್ತೆಬದಿಯಲ್ಲಿ ಕಟ್ಟುವ ದಂಡ ನ್ಯಾಯಾಧೀಶರು ಹಾಕಿದ ದಂಡವಲ್ಲ. ಇದು ಬಹಳ ಜನರಿಗೆ ಗೊತ್ತೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ ಅದು ರಾಜಿ. ನೀವು ಹಣ ಕೊಟ್ಟಿರಿ, ಅವರು ಕೇಸನ್ನು ಅಲ್ಲಿಗೆ ಬಿಟ್ಟರು. ರಾಜಿ ಎಂದ ಮೇಲೆ ಇಬ್ಬರ ಒಪ್ಪಿಗೆ ಬೇಕಲ್ಲವೇ? ಒಪ್ಪದಿದ್ದವನು ಕಟ್ಟಬೇಕಿಲ್ಲ. ಆಗ ಕೇಸು ನ್ಯಾಯಾಲಯಕ್ಕೆ ಹೋಗಬೇಕು, ಅಲ್ಲಿ ತೀರ್ಮಾನವಾಗಬೇಕು. ಆದರೆ ಒಮ್ಮೆ ಕಟ್ಟಿ ರಶೀದಿ ಇಸಿದುಕೊಂಡ ಮೇಲೆ "ನನ್ನ ತಪ್ಪಿರಲಿಲ್ಲ" ಎಂದು ಮಾರನೇ ದಿನ ಹೋಟೆಲಿನಲ್ಲಿ ದೋಸೆ ತಿನ್ನುತ್ತಾ ಹೇಳಿದರೆ ಕೇಳುವವರಿಲ್ಲ. ರಾಜಿ ಆಯಿತು, ಬಾಗಿಲು ಮುಚ್ಚಿತು.

"ಕೋರ್ಟಿಗೆ ಹೋಗ್ತೀರೇನ್ರಿ? ಹೋಗ್ರಿ. ಒಂದು ದಿನ ಅಂಗಡಿ ಮುಚ್ಚಬೇಕಾಗುತ್ತೆ ನೋಡ್ರಿ." ರಸ್ತೆಬದಿಯಲ್ಲಿ ಈ ಧಾಟಿಯ ಮಾತು ಕೇಳಿಬರುವುದುಂಟು. ಕಾನೂನು ಕೊಟ್ಟ ಹಕ್ಕನ್ನು ಬೆದರಿಕೆಯಂತೆ ಹೇಳಿದರೆ ಯಾವ ವ್ಯಾಪಾರಿ ತಾನೆ ಕೋರ್ಟಿನ ಮೆಟ್ಟಿಲು ಹತ್ತುತ್ತಾನೆ? ಐನೂರು ಕೊಟ್ಟು ಕೈಮುಗಿಯುತ್ತಾನೆ. ದೆಹಲಿಯಲ್ಲಿ 2019ರಲ್ಲಿ ವರ್ಚುವಲ್ ಕೋರ್ಟ್ ಶುರು ಮಾಡಿದಾಗ ಅಲ್ಲೂ ಎರಡು ದಾರಿ ಇಟ್ಟರು: ದಂಡ ಕಟ್ಟುವುದು, ಇಲ್ಲವೇ ಕೇಸು ಎದುರಿಸುವುದು. ಯಂತ್ರ ತೋರಿಸುವಷ್ಟು ಸೌಜನ್ಯವನ್ನು ರಸ್ತೆಯಲ್ಲಿ ನಿಂತ ಮನುಷ್ಯ ತೋರಿಸಬಾರದೇ?

ಚೀಟಿ ಓದಿ ಸ್ವಾಮಿ

ಓದುಗರು ಮಾಡಬೇಕಾದ ಮೊದಲ ಕೆಲಸ ಚೀಟಿಯನ್ನು ಓದುವುದು. ಮೊತ್ತ ಮಾತ್ರ ನೋಡಿ ಮಡಚಿ ಇಡಬೇಡಿ.

ಹೊತ್ತು ಎಷ್ಟೆಂದು ಬರೆದಿದ್ದಾರೆ ನೋಡಿ. ನಮ್ಮ ಕಡೆ ಡಿಸೆಂಬರಿನಲ್ಲಿ ಸಂಜೆ ಸುಮಾರು ಆರಕ್ಕೆ ಸೂರ್ಯ ಮುಳುಗಿದರೆ ಜೂನಿನಲ್ಲಿ ಸುಮಾರು ಏಳಾಗುತ್ತದೆ. ಜೂನ್ ತಿಂಗಳ ಆರೂಕಾಲಿಗೆ, ಆಕಾಶ ಬೆಳ್ಳಗಿರುವಾಗ, ಹೆಡ್‌ಲೈಟ್ ಹಾಕಿಲ್ಲ ಎಂದು 105ನೇ ನಿಯಮದಡಿ ಬರೆದಿದ್ದರೆ ಅದನ್ನು ಪ್ರಶ್ನಿಸಲು ಆಧಾರವಿದೆ. ಮೋಡ ಕವಿದು ಕತ್ತಲಾಗಿದ್ದರೆ ಆ ವಾದ ನಿಲ್ಲದು. ಬ್ರೇಕ್ ಲೈಟ್, ಇಂಡಿಕೇಟರ್ ಮಾತು ಬೇರೆ. ಅವು ಹಗಲಲ್ಲೂ ಕೆಲಸ ಮಾಡಬೇಕು. ಅವುಗಳಿಗೆ 102ನೇ ನಿಯಮವಿದೆ. ಇನ್ನು 2017ರ ಏಪ್ರಿಲ್‌ನಿಂದೀಚೆಗೆ ತಯಾರಾದ ಬೈಕು, ಸ್ಕೂಟರುಗಳ ಹೆಡ್‌ಲೈಟ್ ಎಂಜಿನ್ ಶುರುವಾದ ಕೂಡಲೇ ತಾನಾಗಿ ಹತ್ತುತ್ತದೆ. ಹಗಲಲ್ಲಿ ಎದುರಿಗೆ ಬಂದವರೆಲ್ಲ "ಲೈಟ್, ಲೈಟ್" ಎಂದು ಬೆರಳು ಮಡಚಿ ಬಿಚ್ಚಿ ತೋರಿಸಿದ್ದು ನೆನಪಿದೆಯಲ್ಲ? ಅಂಥ ಗಾಡಿಗೆ ಆಫ್ ಮಾಡುವ ಸ್ವಿಚ್ ಹಾಕಿಸಿಕೊಂಡು ಆಮೇಲೆ ಹೊತ್ತಿನ ವಾದ ಹೂಡಬೇಡಿ.

ಯಾವ ದೀಪ ಎಂದು ಬರೆದಿದ್ದಾರೆ ನೋಡಿ. ಮುಂದಿನದೋ, ಹಿಂದಿನದೋ, ಎಡದ್ದೋ, ಬಲದ್ದೋ? "ಲೈಟ್ ಡಿಫೆಕ್ಟ್" ಎಂದಷ್ಟೇ ಗೀಚಿದ್ದರೆ ಮುಂದೆ ಸಾಕ್ಷಿ ಹೇಳುವವರಿಗೇ ಕಷ್ಟ. ಸ್ಥಳದಲ್ಲೇ ನಿಮ್ಮ ಮೊಬೈಲಿನಲ್ಲಿ ದೀಪದ ಫೋಟೋ ತೆಗೆದುಕೊಳ್ಳಿ. ಉರಿಯುತ್ತಿದ್ದರೆ ಉರಿಯುವುದು ಕಾಣಲಿ. ಬಲ್ಬ್ ಹಾಕಿಸಿದ ಮೇಲೆ ಮೆಕ್ಯಾನಿಕ್ ಹತ್ತಿರ ದಿನಾಂಕ ಬರೆದ ಬಿಲ್ ತೆಗೆದುಕೊಳ್ಳಿ. ಸಣ್ಣ ಅಂಗಡಿಯವನು ಬಿಲ್ ಇಲ್ಲ ಎಂದರೆ ಬಿಳಿ ಹಾಳೆಯಲ್ಲಾದರೂ ಬರೆಸಿಕೊಳ್ಳಿ. ಲೆಕ್ಕದ ಪುಸ್ತಕ ಇಡುವ ವ್ಯಾಪಾರಿಗಳಿಗೆ ಕಾಗದದ ಬೆಲೆ ಹೇಳಿಕೊಡಬೇಕೇ?

ಮೂರನೆಯದು, ಸೆಕ್ಷನ್ ಯಾವುದು ಎಂಬುದು. ಇದೇ ಮುಖ್ಯ. ನಿಯಮ ಮೀರಿದ್ದಕ್ಕೆ ಹಾಕುವ ಸಾಮಾನ್ಯ ದಂಡ 177ನೇ ಸೆಕ್ಷನಿನದು. 2019ರ ತಿದ್ದುಪಡಿ ಅದನ್ನು ಮೊದಲ ಸಲಕ್ಕೆ 500 ರೂ. ವರೆಗೆ, ಮರಳಿ ಮಾಡಿದರೆ 1,500 ರೂ. ವರೆಗೆ ಏರಿಸಿತು. ಅದಕ್ಕೂ ಮುಂಚೆ ಅದು 100 ಮತ್ತು 300 ಇತ್ತು. ಅಪಾಯ ತರುವಂಥ ದೋಷವಿರುವ ಗಾಡಿ ಓಡಿಸಿದ್ದಕ್ಕೆ ಇರುವುದು 190ನೇ ಸೆಕ್ಷನ್. ಅದರ ಮೊದಲ ಭಾಗಕ್ಕೆ ಅದೇ ತಿದ್ದುಪಡಿ 1,500 ರೂ. ವರೆಗೆ ದಂಡ ಇಟ್ಟಿತು. ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂ. ವರೆಗೆ ದಂಡ, ಇಲ್ಲವೇ ಎರಡೂ.

ಆದರೆ ಈ 190ರಲ್ಲಿ ಒಂದು ಷರತ್ತಿದೆ. ದೋಷ ಇದೆ ಎಂದು ಓಡಿಸುವವನಿಗೆ ಗೊತ್ತಿರಬೇಕು, ಅಥವಾ ಸಾಧಾರಣ ಎಚ್ಚರ ವಹಿಸಿದ್ದರೆ ಗೊತ್ತಾಗುವಂತಿರಬೇಕು. ಹಿಂದೆ ಸೈಕಲ್ಲಿಗೆ ದೀಪವಿಲ್ಲ ಎಂದು ಹಿಡಿಯುತ್ತಿದ್ದ ಕಾಲ ಹಿರಿಯರಿಗೆ ನೆನಪಿದೆ. "ಗಾಳಿಗೆ ಈಗ್ತಾನೆ ಆರಿತು ಸ್ವಾಮಿ, ಮುಟ್ಟಿ ನೋಡಿ, ಇನ್ನೂ ಬಿಸಿ ಇದೆ" ಎಂದು ಸೀಮೆಎಣ್ಣೆ ಬುಡ್ಡಿ ಮುಂದೆ ಹಿಡಿದು ಪಾರಾಗುತ್ತಿದ್ದ ಕಥೆಗಳನ್ನು ನಕ್ಕು ಮರೆತಿದ್ದೇವೆ. ಅದು ಬರೀ ತಮಾಷೆಯಲ್ಲ. 190ನೇ ಸೆಕ್ಷನ್ ಕೇಳುವುದು ಅದೇ: ಬುಡ್ಡಿ ಬಿಸಿ ಇತ್ತೋ, ತಣ್ಣಗಿತ್ತೋ? ಹೊಂಡಕ್ಕೆ ಬಿದ್ದು ಅರ್ಧ ದಾರಿಯಲ್ಲಿ ಬಲ್ಬ್ ಹೋದವನೂ, ತಿಂಗಳಿಂದ ಒಂಟಿ ಕಣ್ಣಿನ ಗಾಡಿ ಓಡಿಸುವವನೂ ಒಂದೇ ಅಲ್ಲ.

ಇಷ್ಟು ಹೇಳಿ ಇನ್ನೊಂದು ಮಗ್ಗುಲು ಹೇಳದಿದ್ದರೆ ಓದುಗರಿಗೆ ಮೋಸ ಮಾಡಿದಂತೆ. 177ರ ಕೇಸಿನಲ್ಲಿ "ನನಗೆ ಗೊತ್ತಿರಲಿಲ್ಲ" ಎಂಬ ಮಾತಿಗೆ ಅಷ್ಟು ತೂಕವಿಲ್ಲ. ಬೆಳಕಿರಬೇಕಿತ್ತು, ಇರಲಿಲ್ಲ ಎಂದು ಕೇಸು ಮುಂದೆ ಹೋಗಬಹುದು. ಅದಕ್ಕೇ ಸೆಕ್ಷನ್ ಓದಿ ಎಂದಿದ್ದು.

ಡ್ರೈವರನ ಜೇಬು, ಮಾಲೀಕನ ಬಲ್ಬ್

ಇನ್ನೊಂದು ಅನ್ಯಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಖಾಸಗಿ ಬಸ್ಸು, ಲಗೇಜ್ ಆಟೋ, ಲಾರಿ ಇವೆಲ್ಲ ಡ್ರೈವರನ ಸ್ವಂತ ಗಾಡಿಗಳಲ್ಲ. "ಸಾಹುಕಾರ್ರೇ, ಹಿಂದಿನ ಲೈಟ್ ಹೋಗೈತ್ರಿ" ಎಂದು ಡ್ರೈವರ್ ಹೇಳಿರುತ್ತಾನೆ. "ನಾಳೆ ನೋಡೋಣ, ಈ ಟ್ರಿಪ್ ಮುಗಿಸಿ ಬಾ" ಎಂದು ಮಾಲೀಕ ಕಳಿಸಿರುತ್ತಾನೆ. ರಾತ್ರಿ ದಂಡ ಬಿದ್ದರೆ ಡ್ರೈವರನ ದಿನಗೂಲಿಯಲ್ಲಿ ಮುರಿದುಕೊಳ್ಳುತ್ತಾನೆ. 190ನೇ ಸೆಕ್ಷನ್ ಗಾಡಿ ಓಡಿಸಿದವನನ್ನು ಮಾತ್ರ ಹಿಡಿಯುವುದಿಲ್ಲ. ಓಡಿಸಲು ಹಚ್ಚಿದವನನ್ನೂ, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ಹಾಗಿರುವಾಗ ಚೀಟಿಯಲ್ಲಿ ಡ್ರೈವರನ ಹೆಸರೊಂದೇ ಯಾಕೆ? ಡ್ರೈವರುಗಳು ಲೈಟ್ ಕೆಟ್ಟ ದಿನವೇ ಮಾಲೀಕರಿಗೆ ಮೊಬೈಲಿನಲ್ಲಿ ಒಂದು ಸಾಲು ಬರೆದು ಕಳಿಸಲಿ. ಹೇಳಿದ್ದಕ್ಕೆ ಅದೇ ಸಾಕ್ಷಿ.

ಕೋರ್ಟಿನ ದಾರಿ, ಅರ್ಧ ದರದ ದಾರಿ

ಕೋರ್ಟಿಗೆ ಹೋದವರೆಲ್ಲ ಗೆಲ್ಲುತ್ತಾರೆ ಎಂದು ನಾವು ಹೇಳುತ್ತಿಲ್ಲ. ದಿನ ಹೋಗುತ್ತದೆ. ವಕೀಲರಿಟ್ಟರೆ ಫೀಸು ಐನೂರನ್ನು ಮೀರುತ್ತದೆ. ಸೋತರೆ ಕಾಯ್ದೆ ಹೇಳಿದ ಗರಿಷ್ಠದವರೆಗೆ ದಂಡ ಬೀಳಬಹುದು. ತಪ್ಪು ನಿಮ್ಮದೇ ಆಗಿದ್ದರೆ ಕಟ್ಟಿ ಮುಗಿಸುವುದೇ ಜಾಣತನ. ತಪ್ಪಿಲ್ಲದಿದ್ದರೆ ಮಾತ್ರ ಹೋಗಿ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಆದಾಯ ಕಡಿಮೆ ಇರುವವರು ಮೊದಲಾದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರ ನೆರವು ಸಿಗುತ್ತದೆ. ಅದಕ್ಕೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಬೇಕು.

ಲೋಕ ಅದಾಲತ್ತಿಗೆ ಹೋಗಿ ಎಂದು ಕೆಲವರು ಹೇಳುತ್ತಾರೆ. ಹೋಗಬಹುದು. ಆದರೆ ಅಲ್ಲಿ ನಡೆಯುವುದು ರಾಜಿ. ಯಾರು ಸರಿ, ಯಾರು ತಪ್ಪು ಎಂಬ ವಿಚಾರಣೆ ಅಲ್ಲಿ ಇಲ್ಲ. ರಾಜಿ ಕುದುರದಿದ್ದರೆ ಕೇಸು ಮತ್ತೆ ಕೋರ್ಟಿಗೇ ಬರುತ್ತದೆ. ಕುದುರಿದರೆ ಮೇಲ್ಮನವಿ ಇಲ್ಲ.

ಇನ್ನು ನಮ್ಮ ಸರ್ಕಾರದ ಅರ್ಧ ದರದ ಮಾರಾಟ! 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಿತು. ಜನ ಸಾಲುಗಟ್ಟಿ ನಿಂತು ಕಟ್ಟಿದರು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಅದೇ ರಿಯಾಯಿತಿ. ಹಬ್ಬದ ಸೀರೆ ಮಾರಾಟದಂತೆ ಬಂತು, ಹೋಯಿತು. ತಕ್ಷಣ ಪೂರ್ತಿ ಕಟ್ಟಿದ ಪ್ರಾಮಾಣಿಕ ಮೂರ್ಖನಾದ, ವರ್ಷಗಟ್ಟಲೆ ಕಟ್ಟದವನಿಗೆ ಅರ್ಧ ಲಾಭ. "ನನಗೆ ತಪ್ಪಾಗಿ ಬರೆದಿದ್ದಾರೆ" ಎಂದವನ ಮಾತು ಕೇಳಲು ಆ ಸಾಲಿನಲ್ಲಿ ಜಾಗವಿರಲಿಲ್ಲ. ತಪ್ಪಾಗಿ ಬರೆದ ದಂಡದಲ್ಲಿ ಅರ್ಧ ಕಟ್ಟಿದರೂ ಅದು ಅನ್ಯಾಯವೇ.

ಬಾಕಿ ಎಂಬುದರಲ್ಲೂ ಒಂದು ಮಾತಿದೆ. ಬರೀ ದಂಡದ ಶಿಕ್ಷೆ ಇರುವ ಅಪರಾಧಕ್ಕೆ ಆರು ತಿಂಗಳೊಳಗೆ ಕೋರ್ಟಿನಲ್ಲಿ ಕೇಸು ಹಾಕಬೇಕೆಂಬ ಕಟ್ಟು ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಸೆಕ್ಷನಿನಲ್ಲೂ ಅದು ಉಳಿದಿದೆ. ತಡಕ್ಕೆ ಸರಿಯಾದ ಕಾರಣ ಕೊಟ್ಟರೆ ಕೋರ್ಟು ಮನ್ನಿಸಬಹುದು, ನಿಜ. ಆದರೆ ಕೋರ್ಟಿಗೂ ಕಳಿಸದೆ, ಕೈಬಿಡದೆ, ವರ್ಷಗಟ್ಟಲೆ ಕಂಪ್ಯೂಟರಿನಲ್ಲಿ ಕೊಳೆಹಾಕಿ, ಆಮೇಲೆ ಅರ್ಧಕ್ಕೆ ಕೂಗುವುದು ಯಾವ ಸೀಮೆಯ ಕಾನೂನು ಪಾಲನೆ?

ಸರಿಮಾಡಿ ತೋರಿಸಿ, ಹೋಗಿ

ದಾರಿ ಇಲ್ಲವೇ? ಇದೆ. ಬ್ರಿಟನ್ನಿನಲ್ಲಿ ದೀಪ ಕೆಟ್ಟ ಗಾಡಿಯನ್ನು ಹಿಡಿದ ಪೋಲೀಸರು ದಂಡದ ಬದಲು 14 ದಿನ ಗಡುವಿನ ಕಾಗದ ಕೊಡುವ ಪದ್ಧತಿ ಇಟ್ಟಿದ್ದಾರೆ. ಸರಿಮಾಡಿಸಿ, ಅದಕ್ಕೆ ರುಜುವಾತು ಕಳಿಸಿದರೆ ಕೇಸಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥ ಚೀಟಿಗೆ ಜನ ಇಟ್ಟ ಹೆಸರೇ "ಫಿಕ್ಸ್ ಇಟ್ ಟಿಕೆಟ್". ಬಲ್ಬ್ ಹಾಕಿಸಿ, ಪೋಲೀಸರಿಗೆ ತೋರಿಸಿ ಸಹಿ ಪಡೆದು, ಸಣ್ಣ ಶುಲ್ಕ ಕಟ್ಟಿದರೆ ಕೋರ್ಟು ಅದನ್ನು ವಜಾ ಮಾಡುತ್ತದೆ. ಅಲ್ಲಿ ಚೀಟಿ ಕೇಳುವುದು ಬೆಳಕನ್ನು.

ನಮ್ಮಲ್ಲಿ ಇದಕ್ಕೆ ದೆಹಲಿಯ ಅಪ್ಪಣೆಗೆ ಕಾಯಬೇಕಿಲ್ಲ. ರಾಜಿ ಮೊತ್ತ ಎಷ್ಟೆಂದು ಗೊತ್ತುಮಾಡುವ ಅಧಿಕಾರವನ್ನು 200ನೇ ಸೆಕ್ಷನ್ ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. 2019ರ ಸೆಪ್ಟೆಂಬರಿನಲ್ಲಿ ಜನ ಕೂಗಿಕೊಂಡಾಗ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ಎಲ್ಲರಿಗೂ ಅರ್ಧ ಬಿಡಲು ಸಾಧ್ಯವಾದರೆ, ಮೂರು ದಿನದೊಳಗೆ ಬಲ್ಬ್ ಹಾಕಿಸಿ ಠಾಣೆಯ ಮುಂದೆ ಹೊತ್ತಿಸಿ ತೋರಿಸಿದವನಿಗೆ ನಾಮಕಾವಾಸ್ತೆ ಮೊತ್ತ ನಿಗದಿ ಮಾಡಲು ಯಾಕೆ ಸಾಧ್ಯವಿಲ್ಲ? ಮೊದಲ ಸಲಕ್ಕೆ ಮಾತ್ರ ಈ ಸವಲತ್ತು ಇರಲಿ. ಎರಡನೇ ಸಲ ಸಿಕ್ಕಿಬಿದ್ದವನಿಗೆ ಪೂರ್ತಿ ದಂಡ ಹಾಕಲಿ. ಹೊಸ ಗಾಡಿಗಳಲ್ಲಿ ಎಲ್‌ಇಡಿ ಕೆಟ್ಟರೆ ಎಷ್ಟೋ ಸಲ ಇಡೀ ಸೆಟ್ಟನ್ನೇ ಬದಲಿಸಬೇಕು, ಸಾವಿರಗಟ್ಟಲೆ ಬೀಳುತ್ತದೆ. ದಂಡಕ್ಕೆ ಕೊಟ್ಟ ಐನೂರು ಅಷ್ಟರಮಟ್ಟಿಗೆ ದೀಪಕ್ಕೆ ಕಡಿಮೆ ಬಿತ್ತು ಎಂದೇ ಲೆಕ್ಕ.

ಈ ರಿಯಾಯಿತಿ ಯಾರಿಗೆ ಬೇಡ ಎಂಬುದನ್ನೂ ಹೇಳಿಬಿಡುತ್ತೇವೆ. ಕಂಪನಿಯ ದೀಪ ತೆಗೆದು, ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಹಾಕಿಸಿಕೊಂಡು, ಎದುರಿನವನಿಗೆ ಡಿಮ್ ಮಾಡುವ ಸೌಜನ್ಯವೂ ಇಲ್ಲದವರಿಗೆ ಬೇಡ. ಅದು ಕೆಟ್ಟ ದೀಪವಲ್ಲ, ದುಡ್ಡು ಕೊಟ್ಟು ತಂದ ಕೇಡು. 2024ರ ಜುಲೈನಲ್ಲಿ ರಾಜ್ಯದ ಪೋಲೀಸರು ಇಂಥ ದೀಪಗಳ ವಿರುದ್ಧ ಕಾರ್ಯಾಚರಣೆಗೆ ಇಳಿದಾಗ ಬಸ್ ಡ್ರೈವರುಗಳು ಒಳ್ಳೆಯದೇ ಆಯಿತು ಎಂದಿದ್ದರೆ ಆಶ್ಚರ್ಯವಿಲ್ಲ. ಆ ಬಿಗಿ ಸಡಿಲವಾಗಬಾರದು. ಹಿಂದಿನ ದೀಪವೂ ಇಲ್ಲದೆ, ರಿಫ್ಲೆಕ್ಟರೂ ಇಲ್ಲದೆ ಹೆದ್ದಾರಿಗೆ ಇಳಿಯುವ ಟ್ರೇಲರುಗಳಿಗೂ ಬೇಡ. ಊರೊಳಗೆ ಬೀದಿದೀಪದ ಕೆಳಗೆ ನಿಂತು ಸ್ಕೂಟರ್ ಹಿಡಿಯುವುದು ಸುಲಭ. ಕತ್ತಲ ಹೆದ್ದಾರಿಯಲ್ಲಿ ನಿಂತು ಟ್ರೇಲರ್ ಹಿಡಿಯುವುದು ಕಷ್ಟ. ಆದರೆ ಪ್ರಾಣ ಹೋಗುವುದು ಆ ಕಷ್ಟದ ಜಾಗದಲ್ಲೇ.

ಸಂಬಂಧಪಟ್ಟವರು ಗಮನಿಸಲಿ

ಜಿಲ್ಲಾ ಪೋಲೀಸ್ ವರಿಷ್ಠಾಧಿಕಾರಿಗಳಲ್ಲಿ ನಮ್ಮ ಕೋರಿಕೆ ಮೂರು. ಚೀಟಿಯಲ್ಲಿ ಯಾವ ದೀಪ, ಎಷ್ಟು ಹೊತ್ತು, ಯಾವ ಸೆಕ್ಷನ್ ಎಂದು ಓದುವಂತೆ ಬರೆಸಿರಿ. ಒಪ್ಪದವನಿಗೆ ಕೋರ್ಟಿನ ದಾರಿಯನ್ನು ಬೆದರಿಸಿ ಹೇಳದೆ ತಿಳಿಸಿ ಹೇಳಲು ಸೂಚಿಸಿರಿ. ಸುಗ್ಗಿಯ ತಿಂಗಳುಗಳಲ್ಲಿ ಎಪಿಎಂಸಿ ಮತ್ತು ಸಕ್ಕರೆ ಕಾರ್ಖಾನೆಗಳ ಬಾಗಿಲಲ್ಲೇ ಟ್ರೇಲರುಗಳಿಗೆ ದೀಪ, ರಿಫ್ಲೆಕ್ಟರ್ ಇದೆಯೇ ಎಂದು ನೋಡಿ ಹೊರಗೆ ಬಿಡುವ ಏರ್ಪಾಡು ಮಾಡಿರಿ. ದಂಡಕ್ಕಿಂತ ಅದರಿಂದ ಹೆಚ್ಚು ಜೀವ ಉಳಿಯುತ್ತದೆ.

ನಮ್ಮ ಶಾಸಕರು ಗಾಡಿಗಳ ವಿಷಯ ಬಂದಾಗಲೆಲ್ಲ ರಿಯಾಯಿತಿ ಕೊಡಿಸಿದ್ದೇವೆ ಎಂದು ಹೇಳಿಕೊಳ್ಳುತ್ತಾರೆ. ಸರಿಮಾಡಿ ತೋರಿಸಿದವನಿಗೆ ಕೇಸಿಲ್ಲ ಎಂಬ ಒಂದು ಅಧಿಸೂಚನೆ ಹೊರಡಿಸಲು ಸದನದಲ್ಲಿ ಒಮ್ಮೆ ಬಾಯಿ ಬಿಡಲಿ.

ಓದುಗರಿಗೂ ಒಂದು ಮಾತು. ಇವತ್ತು ರಾತ್ರಿ ಅಂಗಡಿ ಬೀಗ ಹಾಕಿದ ಮೇಲೆ ಗಾಡಿ ಶುರುಮಾಡಿ, ಮುಚ್ಚಿದ ಷಟರಿನ ಮೇಲೆ ಮುಂದಿನ ಬೆಳಕು ಬೀಳುತ್ತದೆಯೇ ನೋಡಿ. ಬ್ರೇಕ್ ಒತ್ತಿ, ಹಿಂದೆ ಕೆಂಪು ಹತ್ತುತ್ತದೆಯೇ ಎಂದು ಪಕ್ಕದ ಅಂಗಡಿಯವರನ್ನು ಕೇಳಿ. ಅರ್ಧ ನಿಮಿಷದ ಕೆಲಸ. ಇಷ್ಟು ಮಾಡಿದವನಿಗೆ ತಪ್ಪು ಚೀಟಿ ಬಂದರೆ ಅವನು ಎದೆಯೆತ್ತಿ ಕೋರ್ಟಿನಲ್ಲಿ ನಿಲ್ಲಬಹುದು.